69 ಅಥವಾ 70? ಮಗಳು ಬರೆದದ್ದು ತಪ್ಪಲ್ಲ

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ರೈತ. ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಹೋದ ತಿಂಗಳು ಒಂದು ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ ಇತ್ತು. ‘2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಗೆದ್ದ ಒಟ್ಟು ಪದಕ ಎಷ್ಟು?’ ಎಂದು ಕೇಳಿದ್ದರು. ಮಗಳು 70 ಎಂದು ಬರೆದಳು. ಸರಿ ಉತ್ತರ 69 ಎಂದು ಹೇಳಿ ಅಂಕ ಕೊಡಲಿಲ್ಲ. ಆ ಒಂದು ಅಂಕದಿಂದ ಮುಂದಿನ ಸುತ್ತು ತಪ್ಪಿತು. ಹಳೇ ಪತ್ರಿಕೆ ತೆಗೆದು ನೋಡಿದರೆ 69 ಅಂತಿದೆ. ಮೊಬೈಲಿನಲ್ಲಿ ನೋಡಿದರೆ 70. ಯಾವುದು ನಿಜ? ಅವಳ ಇನ್ನೂ ಮೂರು ಪ್ರಶ್ನೆ ಇವೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾಗೆ 190 ಪದಕ, ಜಪಾನಿಗೆ 188. ಆದರೂ ಜಪಾನ್ ಎರಡನೇ ಸ್ಥಾನಕ್ಕೆ ಬಂದದ್ದು ಹೇಗೆ? ಹಾಕಿ ತಂಡದ ಎಲ್ಲರ ಕೊರಳಲ್ಲೂ ಚಿನ್ನ ಇದ್ದರೂ ಪಟ್ಟಿಯಲ್ಲಿ ಒಂದೇ ಯಾಕೆ? ಭಾರತದ್ದು 107 ಅಂತಲೂ ಹೇಳುತ್ತಾರೆ, 111 ಅಂತಲೂ ಹೇಳುತ್ತಾರೆ, ಯಾವುದು ಸರಿ?

ಉತ್ತರ: ಮೊದಲು ಮಗಳನ್ನು ಕರೆದು ಹೇಳಿ. ಅವಳು ಬರೆದ 70 ಸರಿ. ಇವತ್ತಿನ ದಾಖಲೆಯಲ್ಲಿ ಇರುವುದು ಅದೇ. ನೀವು ನೋಡಿದ ಹಳೇ ಪತ್ರಿಕೆಯೂ ಸುಳ್ಳು ಹೇಳಿಲ್ಲ. ಅದು ಅಚ್ಚಾದ ದಿನ ಸಂಖ್ಯೆ 69 ಆಗಿತ್ತು. ಎರಡೂ ಬೇರೆ ಬೇರೆ ದಿನದ ಸತ್ಯ.

ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಅಥ್ಲೆಟಿಕ್ಸ್ ಕೂಟಗಳಲ್ಲಿ ಫಲಿತಾಂಶದ ಹಾಳೆ ಬರೆದವನು. ತಾಲ್ಲೂಕು ಕೂಟದಿಂದ ಹಿಡಿದು ಚಾಮುಂಡಿ ವಿಹಾರದ ದಸರಾ ಕ್ರೀಡಾಕೂಟದವರೆಗೆ ಗೆರೆಯ ಪಕ್ಕ ನಿಂತಿದ್ದೇನೆ. ಹಾಗಾಗಿ ನಿಮ್ಮ ಪತ್ರ ಓದಿದಾಗ ಸುಮ್ನೆ ಒಂದು ಸಾಲಿನ ಉತ್ತರ ಕೊಟ್ಟು ಕೂರಲು ಮನಸ್ಸು ಬರಲಿಲ್ಲ. ಆ 69 ಮತ್ತು 70ರ ನಡುವೆ ಒಬ್ಬ ಹುಡುಗಿಯ ಬದುಕಿನ ದೊಡ್ಡ ಓಟ ಇದೆ. ಅದನ್ನು ನಿಮ್ಮ ಮಗಳು ತಿಳಿಯಬೇಕು.

2018ರ ಆಗಸ್ಟ್ ಕೊನೆಯ ವಾರ. ಜಕಾರ್ತದಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್. ಹತ್ತು ಬೇಲಿ ಹಾರಿ ಒಂದು ಸುತ್ತು ಓಡಬೇಕು. ಬಹರೇನ್ ದೇಶದ ಕೆಮಿ ಅಡೆಕೊಯಾ ಮೊದಲು ಬಂದರು. ವಿಯೆಟ್ನಾಂ ಓಟಗಾರ್ತಿ ಎರಡನೆಯವರು. ಮೂರನೆಯವರೂ ಬಹರೇನಿನವರೇ. ನಮ್ಮ ದೇಶದ ಅನು ರಾಘವನ್ ನಾಲ್ಕನೆಯವರಾದರು. ನಾಲ್ಕನೇ ಸ್ಥಾನ ಎಂದರೆ ಏನು ಅಂತ ಓಡಿದವರಿಗೇ ಗೊತ್ತು. ಎಂಟು ಜನರಲ್ಲಿ ನಾಲ್ಕನೇ ಸ್ಥಾನ ಪಡೆದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವರು ಬ್ಯಾಗ್ ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೋಗುತ್ತಾರೆ.

ಮರುದಿನ 4x400 ಮಿಶ್ರ ರಿಲೇ ನಡೆಯಿತು. ಇಬ್ಬರು ಗಂಡಸರು, ಇಬ್ಬರು ಹೆಂಗಸರು ಓಡುವ ಈ ಓಟ ಏಷ್ಯನ್ ಗೇಮ್ಸ್‌ಗೆ ಅದೇ ಮೊದಲ ಸಲ ಬಂದಿತ್ತು. ಭಾರತದ ಪರ ಮೊಹಮ್ಮದ್ ಅನಸ್, ನಮ್ಮ ಕರ್ನಾಟಕದ ಎಂ.ಆರ್. ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್ ಓಡಿದರು. ಬಹರೇನ್ ಗೆದ್ದಿತು, ಭಾರತಕ್ಕೆ ಬೆಳ್ಳಿ. ಆ ಬಹರೇನ್ ತಂಡದಲ್ಲೂ ಅಡೆಕೊಯಾ ಇದ್ದರು.

ಕೂಟ ಮುಗಿದಾಗ ಭಾರತದ ಲೆಕ್ಕ 15 ಚಿನ್ನ, 24 ಬೆಳ್ಳಿ, 30 ಕಂಚು. ಒಟ್ಟು 69. ಎಲ್ಲ ಪತ್ರಿಕೆಗಳೂ ಅದನ್ನೇ ಬರೆದವು. ರಸಪ್ರಶ್ನೆ ಪುಸ್ತಕಗಳಿಗೂ ಅದೇ ಹೋಯಿತು.

ಆಮೇಲೆ ಅಡೆಕೊಯಾ ಅವರ ಮಾದರಿಯಲ್ಲಿ ಸ್ಟ್ಯಾನೊಜೊಲಾಲ್ ಎಂಬ ಉದ್ದೀಪನ ಮದ್ದು ಸಿಕ್ಕಿತು. ಸ್ನಾಯು ಬೆಳೆಸುವ ಮದ್ದು ಅದು. ನಾಲ್ಕು ವರ್ಷ ನಿಷೇಧ ಬಿತ್ತು. ಜಕಾರ್ತದ ಫಲಿತಾಂಶಗಳೂ ರದ್ದಾದವು. ಅವರ ಹೆಸರು ಎರಡು ಹಾಳೆಗಳಿಂದ ಹೋಯಿತು. ಹರ್ಡಲ್ಸ್‌ನಲ್ಲಿ ಹಿಂದಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದರು. ಅನು ರಾಘವನ್ ಅವರಿಗೆ ಕಂಚು ಸಿಕ್ಕಿತು. ರಿಲೇಯಲ್ಲಿ ಒಬ್ಬರು ಅನರ್ಹರಾದರೆ ಇಡೀ ತಂಡವೇ ಹೋಗುತ್ತದೆ. ಹಾಗಾಗಿ ಭಾರತದ ಬೆಳ್ಳಿ ಚಿನ್ನವಾಯಿತು. ಇದು ನಮ್ಮಲ್ಲಿ ಅಧಿಕೃತವಾಗಿ ಗೊತ್ತಾಗಿದ್ದು 2020ರ ಜುಲೈನಲ್ಲಿ. ಓಟ ಮುಗಿದು ಎರಡು ವರ್ಷ ಆಗುತ್ತಾ ಬಂದಿತ್ತು.

ಈಗ ಮಗಳ ಜೊತೆ ಕೂತು ಲೆಕ್ಕ ಹಾಕಿ. ರಿಲೇಯಿಂದ ಒಂದು ಚಿನ್ನ ಹೆಚ್ಚಿತು, 16 ಆಯಿತು. ಅಲ್ಲೇ ಒಂದು ಬೆಳ್ಳಿ ಕಡಿಮೆಯಾಯಿತು, 23 ಆಯಿತು. ಹರ್ಡಲ್ಸ್‌ನಿಂದ ಒಂದು ಕಂಚು ಬಂತು, 31 ಆಯಿತು. ಕೂಡಿಸಿದರೆ 70. ಆ ಎಪ್ಪತ್ತನೆಯದು ಅನು ರಾಘವನ್ ಅವರ ಪದಕ. ತಮ್ಮ ಪದಕಕ್ಕಾಗಿ ಜಕಾರ್ತದ ವೇದಿಕೆ ಹತ್ತದೇ ಹೋದವರ ಪದಕ. 69 ಎಂದು ಬರೆದರೆ ಅವರನ್ನು ಇನ್ನೊಮ್ಮೆ ಹಿಂದಿನ ಬಾಗಿಲಿಂದ ಕಳಿಸಿದ ಹಾಗೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಯಾಕೆ ಅನ್ನಿಸುವುದಿಲ್ಲ ಅಂದರೆ, ನನ್ನ ಕಣ್ಣ ಮುಂದೆಯೇ ಒಮ್ಮೆ ಹೀಗಾಗಿದೆ. ಹಲವು ವರ್ಷಗಳ ಹಿಂದೆ ಒಂದು ವಿಭಾಗ ಮಟ್ಟದ ಕೂಟ. ಹುಡುಗಿಯರ 4x100 ರಿಲೇ. ಮೂರನೇ ಬಂದ ತಂಡ ಬೇಟನ್ ಬದಲಿಸಿದ್ದು ಗುರುತು ಹಾಕಿದ ಜಾಗದ ಆಚೆ. ಅಲ್ಲಿ ನಿಂತಿದ್ದವರು ಹಳದಿ ಬಾವುಟ ಎತ್ತಿದ್ದರು. ಆದರೆ ಆ ವರದಿ ನನ್ನ ಮೇಜಿಗೆ ಬರುವಷ್ಟರಲ್ಲಿ ಬಹುಮಾನ ಕೊಟ್ಟು ಮುಗಿದಿತ್ತು. ನಾಲ್ಕನೆಯ ತಂಡದ ಮಕ್ಕಳು ಆಗಲೇ ಬಸ್ ಹತ್ತಿ ಊರಿಗೆ ಹೋಗಿದ್ದರು. ಹಾಳೆ ತಿದ್ದಿದೆವು, ಪ್ರಮಾಣಪತ್ರಗಳನ್ನು ಅಂಚೆಯಲ್ಲಿ ಕಳಿಸಿದೆವು. ಎರಡು ವಾರ ಬಿಟ್ಟು ಆ ಮಕ್ಕಳ ಪಿ.ಟಿ. ಮೇಷ್ಟ್ರು ಫೋನ್ ಮಾಡಿದ್ದರು. ಶಾಲೆಯ ಪ್ರಾರ್ಥನೆ ಹೊತ್ತಿನಲ್ಲಿ ನಾಲ್ವರನ್ನೂ ನಿಲ್ಲಿಸಿ, ಮತ್ತೆ ಹೆಸರು ಕೂಗಿ ಕೊಟ್ಟರಂತೆ. ಆ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಗೌರವ.

ಪದಕ ಪಟ್ಟಿ ಹೀಗೆ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. 2014ರ ಇಂಚಾನ್ ಕೂಟದಲ್ಲಿ ಮಂಜು ಬಾಲಾ ಅವರಿಗೆ ಹ್ಯಾಮರ್ ಎಸೆತದಲ್ಲಿ ಕಂಚು ಬಂತು. ಕೂಟ ಮುಗಿಯುವ ಹೊತ್ತಿಗೆ ಚಿನ್ನ ಗೆದ್ದಿದ್ದ ಚೀನಾದ ಜಾಂಗ್ ವೆನ್‌ಶಿಯು ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಮಂಜು ಅವರ ಕಂಚು ಬೆಳ್ಳಿಯಾಯಿತು. ಆದರೆ ಜಾಂಗ್ ಮೇಲ್ಮನವಿ ಹಾಕಿದರು. ಮುಂದೆ ಅವರ ಚಿನ್ನ ಅವರಿಗೇ ವಾಪಸ್ ಬಂತು. ಮಂಜು ಬಾಲಾ ಮತ್ತೆ ಕಂಚಿಗೆ ಇಳಿದರು. ಕೂಟ ಮುಗಿದಾಗ ಭಾರತದ್ದು 11 ಚಿನ್ನ, 10 ಬೆಳ್ಳಿ, 36 ಕಂಚು. ಆಮೇಲೆ 11, 9, 37. ಒಟ್ಟು 57 ಮಾತ್ರ ಬದಲಾಗಲಿಲ್ಲ, ಬಣ್ಣ ಬದಲಾಯಿತು.

ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. 2023ರ ಅಕ್ಟೋಬರ್ 1ರ ರಾತ್ರಿ ಹಾಂಗ್‌ಝೌನಲ್ಲಿ 100 ಮೀಟರ್ ಹರ್ಡಲ್ಸ್ ಫೈನಲ್. ಚೀನಾದ ವು ಯಾನ್ನಿ ಗುಂಡು ಹಾರುವ ಮೊದಲೇ ಹೊರಟರು. ಅಲ್ಲೇ ಗೊಂದಲ. ಕೊನೆಗೆ ಎಲ್ಲರನ್ನೂ ಓಡಿಸಿದರು. ಜ್ಯೋತಿ ಯರ‍್ರಾಜಿ ಮೂರನೆಯವರಾಗಿ ಬಂದರು. ಓಟದ ನಂತರ ವು ಯಾನ್ನಿಯನ್ನು ಅನರ್ಹ ಮಾಡಿದರು, ಜ್ಯೋತಿಗೆ ಬೆಳ್ಳಿ. ಅದೇ ಕೂಟದ ಮಿಶ್ರ ರಿಲೇಯಲ್ಲೂ ಹಾಗೇ. ಮೂರನೇ ಬಂದಿದ್ದ ಭಾರತ, ಶ್ರೀಲಂಕಾ ಅನರ್ಹವಾದ ಮೇಲೆ ಎರಡನೆಯದಾಯಿತು.

ಇಲ್ಲಿ ಮಗಳಿಗೆ ಗೊತ್ತಿರಬೇಕಾದ ಒಂದು ನಿಯಮ ಇದೆ. ಉದ್ದೀಪನ ಮದ್ದಿನ ಪ್ರಕರಣವನ್ನು ಹತ್ತು ವರ್ಷದವರೆಗೂ ಎತ್ತಬಹುದು. ಆಟಗಾರರ ಮೂತ್ರ, ರಕ್ತದ ಮಾದರಿಗಳನ್ನು ಶೀತಲದಲ್ಲಿ ಇಟ್ಟು, ಹೊಸ ಪರೀಕ್ಷಾ ವಿಧಾನ ಬಂದಾಗ ಮತ್ತೆ ನೋಡಬಹುದು. ಅಂದರೆ 2023ರ ಪದಕ ಪಟ್ಟಿ 2033ರವರೆಗೂ ಅಲುಗಾಡಬಹುದು. ಅದಕ್ಕೇ ನಾನು ಯಾವ ಸಂಖ್ಯೆ ಬರೆದರೂ ಪಕ್ಕದಲ್ಲಿ ದಿನಾಂಕ ಹಾಕುತ್ತೇನೆ. ‘ಕೂಟ ಮುಗಿದ ದಿನ’ ಅಂತಲೋ, ‘ತಿದ್ದುಪಡಿ ನಂತರ’ ಅಂತಲೋ ಬರೆದರೆ ಜಗಳವೇ ಇರುವುದಿಲ್ಲ. ರಸಪ್ರಶ್ನೆ ಮಾಡುವವರು ಇದನ್ನೊಂದು ಪಾಲಿಸಿದರೆ ಸಾಕು. ಆ ಶಾಲೆಯವರಿಗೆ ನೀವು ಒಂದು ಕಾಗದ ಬರೆಯಿರಿ. ಜಗಳ ಆಡಲು ಹೋಗಬೇಡಿ. ಮೇಲಿನ ಕೂಡು-ಕಳೆ ಲೆಕ್ಕವನ್ನೇ ಬರೆದು, ಅನು ರಾಘವನ್ ಮತ್ತು ರಿಲೇ ತಂಡದ ಹೆಸರು ಹಾಕಿ ಕೊಡಿ. ಪ್ರಶ್ನೆ ಮಾಡಿದವರೂ ಮೇಷ್ಟ್ರೇ ಅಲ್ವಾ, ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನ ಸುತ್ತು ಮುಗಿದಿದ್ದರೂ ಪರವಾಗಿಲ್ಲ. ಅವಳ ಉತ್ತರ ಪತ್ರಿಕೆಯ ಮೇಲೆ ಸರಿ ಗುರುತು ಬೀಳಬೇಕು.

ಈಗ ಜಪಾನ್, ಕೊರಿಯಾ ವಿಷಯ. ಹಾಂಗ್‌ಝೌ ಕೂಟ ಮುಗಿದಾಗ ಜಪಾನಿಗೆ 52 ಚಿನ್ನ, 67 ಬೆಳ್ಳಿ, 69 ಕಂಚು. ದಕ್ಷಿಣ ಕೊರಿಯಾಗೆ 42 ಚಿನ್ನ, 59 ಬೆಳ್ಳಿ, 89 ಕಂಚು. ಪಟ್ಟಿ ಮಾಡುವಾಗ ಮೊದಲು ನೋಡುವುದು ಚಿನ್ನ ಮಾತ್ರ. ಚಿನ್ನ ಸಮ ಆದರೆ ಬೆಳ್ಳಿ, ಅದೂ ಸಮ ಆದರೆ ಕಂಚು. ಒಟ್ಟು ಎಷ್ಟು ಅನ್ನುವುದನ್ನು ಸ್ಥಾನಕ್ಕೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಘಂಟಿನಲ್ಲಿ ‘ಅ’ಯಿಂದ ಶುರುವಾಗುವ ಪದ ‘ಕ’ಯಿಂದ ಶುರುವಾಗುವ ಪದಕ್ಕಿಂತ ಮೊದಲೇ ಬರುತ್ತದೆ. ಎರಡನೇ ಅಕ್ಷರ ನೋಡುವುದು ಮೊದಲನೆಯದು ಒಂದೇ ಆದಾಗ ಮಾತ್ರ. ಇದೂ ಹಾಗೇ.

ಬೆಳ್ಳಿವರೆಗೆ ಹೋಗಿ ನಿರ್ಧಾರವಾದದ್ದಕ್ಕೆ ಉದಾಹರಣೆ ಬೇಕಾದರೆ ಮತ್ತೆ ಜಕಾರ್ತಕ್ಕೇ ಹೋಗಬಹುದು. ಕೂಟ ಮುಗಿದ ದಿನ ಭಾರತಕ್ಕೂ 15 ಚಿನ್ನ, ಕಜಕಿಸ್ತಾನಕ್ಕೂ 15 ಚಿನ್ನ. ಭಾರತಕ್ಕೆ 24 ಬೆಳ್ಳಿ, ಅವರಿಗೆ 17. ಹಾಗಾಗಿ ಭಾರತ ಎಂಟನೆಯದು, ಕಜಕಿಸ್ತಾನ ಒಂಬತ್ತನೆಯದು. ಒಟ್ಟು ನೋಡಿದರೆ ಅವರದು 76, ನಮ್ಮದು 69. ಅವರ ಹತ್ತಿರ ಕಂಚೇ 44 ಇತ್ತು.

ಇಷ್ಟೊಂದು ಕಂಚು ಎಲ್ಲಿಂದ ಬರುತ್ತದೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಇದಕ್ಕೆ ಕುಸ್ತಿ ಅಖಾಡಕ್ಕೆ ಬರಬೇಕು. ದಸರಾ ಹೊತ್ತಿನಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿಗೆ ನಿಮ್ಮ ಕಡೆಯವರು ಲಾರಿ ಮಾಡಿಕೊಂಡು ಬರುತ್ತಾರಲ್ಲ, ನೀವೂ ನೋಡಿರುತ್ತೀರಿ. ಅಲ್ಲಿ ಜೋಡಿ ಕಟ್ಟುತ್ತಾರೆ, ಚಿತ್ ಆದವನು ಮಣ್ಣು ಕೊಡವಿಕೊಂಡು ಹೋಗುತ್ತಾನೆ. ಏಷ್ಯನ್ ಗೇಮ್ಸ್ ಕುಸ್ತಿಯಲ್ಲಿ ಹಾಗಿಲ್ಲ. ಫೈನಲ್ ತಲುಪಿದ ಇಬ್ಬರ ಕೈಯಲ್ಲಿ ಸೋತವರಿಗೆ ಇನ್ನೊಂದು ಅವಕಾಶ ಇದೆ. ಬಲವಾದವನ ಎದುರು ಮೊದಲ ಸುತ್ತಲ್ಲೇ ಬಿದ್ದವನು ಅದೃಷ್ಟ ಕೆಟ್ಟವನೇ ಹೊರತು ದುರ್ಬಲ ಅಲ್ಲ ಎಂಬ ಲೆಕ್ಕ. ಹಾಗೆ ಎರಡು ಕಡೆಯಿಂದ ಎರಡು ಕಂಚು. ಜೂಡೋದಲ್ಲೂ ಎರಡು. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು, ಪೆಟ್ಟು ತಿಂದವರನ್ನು ಮತ್ತೆ ಕಣಕ್ಕಿಳಿಸುವುದು ಸರಿಯಲ್ಲ ಅಂತ. ಕಬಡ್ಡಿ, ಬ್ಯಾಡ್ಮಿಂಟನ್‌ನಲ್ಲೂ ಇಬ್ಬರು ಸೆಮಿಫೈನಲ್ ಸೋತವರಿಗೂ ಕಂಚು ಉಂಟು. ಹೀಗಾಗಿ ಈಚಿನ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನಕ್ಕಿಂತ ಕಂಚೇ ಜಾಸ್ತಿ. ಕುಸ್ತಿ, ಬಾಕ್ಸಿಂಗ್ ಬಲವಾಗಿರುವ ದೇಶಗಳ ಒಟ್ಟು ಸಂಖ್ಯೆ ಉಬ್ಬುವುದೂ ಇದರಿಂದಲೇ.

ಈ ಚಿನ್ನದ ನಿಯಮ ನನ್ನನ್ನು ಹುಡುಗನಾಗಿದ್ದಾಗಲೇ ಕಾಡಿತ್ತು. 1982ರ ದಿಲ್ಲಿ ಏಷ್ಯಾಡ್. ರೇಡಿಯೊ ಕೇಳಿಕೊಂಡು ನೋಟ್ ಪುಸ್ತಕದಲ್ಲಿ ಪದಕ ಬರೆಯುತ್ತಿದ್ದೆ. ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 1-7ರಲ್ಲಿ ಸೋತ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಭಾರತಕ್ಕೆ 13 ಚಿನ್ನ, 19 ಬೆಳ್ಳಿ, 25 ಕಂಚು, ಒಟ್ಟು 57. ಉತ್ತರ ಕೊರಿಯಾಗೆ 56. ನಾನು ಭಾರತವನ್ನು ನಾಲ್ಕನೇ ಸಾಲಿನಲ್ಲಿ ಬರೆದೆ. ಅಪ್ಪ ಅದನ್ನು ಹೊಡೆದುಹಾಕಿ ಐದನೇ ಸಾಲಿಗೆ ಇಳಿಸಿದರು. ಅವರಿಗೆ 17 ಚಿನ್ನ ಇದೆ ಕಣೋ ಅಂದರು. ಅದೇ ಕೂಟದಲ್ಲಿ ಚೀನಾಗೂ 153, ಜಪಾನಿಗೂ 153. ಚಿನ್ನ 61 ಮತ್ತು 57. ಆವರೆಗೆ ಪ್ರತಿ ಕೂಟದಲ್ಲೂ ಜಪಾನೇ ಮೇಲಿತ್ತು. ನಾಲ್ಕು ಚಿನ್ನದ ಅಂತರದಲ್ಲಿ ಅದು ಕೆಳಗಿಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಚೀನಾ ಆ ಜಾಗ ಬಿಟ್ಟುಕೊಟ್ಟಿಲ್ಲ.

ಚಿನ್ನ ಮೊದಲು ಎಂಬ ಪದ್ಧತಿ ನ್ಯಾಯವೇ? ನನ್ನ ಅಭಿಪ್ರಾಯ ಕೇಳಿದರೆ, ಸ್ಥಾನ ಹೇಳಲು ಅದು ಸಾಕು, ಒಂದು ದೇಶದ ಕ್ರೀಡೆ ಹೇಗಿದೆ ಎಂದು ಹೇಳಲು ಸಾಲದು. 1990ರ ಬೀಜಿಂಗ್ ಕೂಟದಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದೇ ಚಿನ್ನ, ಅದೂ ಆ ವರ್ಷವೇ ಸೇರಿಸಿದ್ದ ಕಬಡ್ಡಿಯಲ್ಲಿ. ಆದರೆ 8 ಬೆಳ್ಳಿ, 14 ಕಂಚು ಕೂಡ ಇದ್ದವು. ಅವುಗಳ ಹಿಂದಿನ ದುಡಿಮೆ ಆ ‘ಒಂದು’ ಅನ್ನುವ ಅಂಕೆಯಲ್ಲಿ ಕಾಣುವುದಿಲ್ಲ.

ಹಾಕಿಯ ಪ್ರಶ್ನೆಗೆ ಬರುತ್ತೇನೆ. ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಪಟ್ಟಿಯಲ್ಲಿ ಎಣಿಸುವುದು ಲೋಹದ ಬಿಲ್ಲೆಗಳನ್ನಲ್ಲ, ಗೆದ್ದ ಸ್ಪರ್ಧೆಗಳನ್ನು. ಹಾಂಗ್‌ಝೌನಲ್ಲಿ 40 ಕ್ರೀಡೆ, 481 ಸ್ಪರ್ಧೆ ಇದ್ದವು. ಪುರುಷರ ಹಾಕಿ ಅದರಲ್ಲಿ ಒಂದು ಸ್ಪರ್ಧೆ. ಫೈನಲ್‌ನಲ್ಲಿ ಜಪಾನನ್ನು 5-1ರಿಂದ ಸೋಲಿಸಿದ ನಮ್ಮ ತಂಡದ ಪ್ರತಿಯೊಬ್ಬರ ಕೊರಳಿಗೂ ಚಿನ್ನ ಬಂತು, ದೇಶದ ಖಾತೆಗೆ ಒಂದು. ರಿಲೇಗೂ ಅದೇ. ಬಿಲ್ಲೆ ಎಣಿಸಿದರೆ ತಂಡದ ಆಟ ಜಾಸ್ತಿ ಆಡುವ ದೇಶವೇ ಯಾವಾಗಲೂ ಗೆಲ್ಲುತ್ತದೆ.

ಆದರೆ ಈ ಎಣಿಕೆ ತಂಡದ ಆಟದವರಿಗೆ ಸ್ವಲ್ಪ ಕಠಿಣ ಅನ್ನುವುದೂ ನಿಜ. ಹಾಂಗ್‌ಝೌನಲ್ಲಿ ಚೀನಾದ ಈಜುಗಾರ್ತಿ ಜಾಂಗ್ ಯುಫೇ ಒಬ್ಬರೇ 6 ಚಿನ್ನ ಗೆದ್ದರು. ನಮ್ಮ ಪುರುಷರ ಹಾಕಿ, ಎರಡು ಕ್ರಿಕೆಟ್ ತಂಡ, ಎರಡು ಕಬಡ್ಡಿ ತಂಡ ಎಲ್ಲ ಸೇರಿ 5 ಚಿನ್ನ. ಆ ಐದು ತಂಡಗಳಲ್ಲಿ ಸುಮಾರು ಎಪ್ಪತ್ತು ಜನ ಇದ್ದರು. ಈಜು, ಅಥ್ಲೆಟಿಕ್ಸ್, ಶೂಟಿಂಗ್‌ನಲ್ಲಿ ಸ್ಪರ್ಧೆಗಳ ಸಂಖ್ಯೆಯೇ ದೊಡ್ಡದು. ಚೀನಾ ಈಜಿನಲ್ಲೇ 28 ಚಿನ್ನ ತೆಗೆಯಿತು. ಭಾರತದ ಇಡೀ ಕೂಟದ ಚಿನ್ನವೂ 28! ಪದಕ ಪಟ್ಟಿಯಲ್ಲಿ ಮೇಲೆ ಹೋಗಬೇಕು ಎಂದರೆ ಈಜುಕೊಳಕ್ಕೆ ಇಳಿಯದೆ ದಾರಿ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಕಾಲುವೆಯಲ್ಲಿ ಈಜುವ ಮಕ್ಕಳಿಗೆ ಕೊರತೆ ಇಲ್ಲ. ಟೈಮ್ ಹಿಡಿದು ಕಲಿಸುವವರು, 50 ಮೀಟರ್ ಕೊಳ ಹತ್ತಿರದಲ್ಲಿ ಇರಬೇಕು ಅಷ್ಟೆ.

ನಮ್ಮ 28 ಎಲ್ಲಿಂದ ಬಂತು ಅಂದರೆ, ಶೂಟಿಂಗ್‌ನಲ್ಲಿ 7, ಅಥ್ಲೆಟಿಕ್ಸ್‌ನಲ್ಲಿ 6, ಬಿಲ್ಲುಗಾರಿಕೆಯಲ್ಲಿ 5. ಸ್ಕ್ವಾಷ್, ಕಬಡ್ಡಿ, ಕ್ರಿಕೆಟ್ ತಲಾ 2. ಬ್ಯಾಡ್ಮಿಂಟನ್, ಟೆನಿಸ್, ಹಾಕಿ, ಕುದುರೆ ಸವಾರಿ ತಲಾ 1. ಟೆನಿಸ್ ಚಿನ್ನದಲ್ಲಿ ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ ಇದ್ದಾರೆ, ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಗೆದ್ದರು. ಮಹಿಳಾ ಕ್ರಿಕೆಟ್ ಚಿನ್ನದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಇದ್ದಾರೆ. ಮತ್ತೆ ನಿಮ್ಮ ಮಂಡ್ಯ ಕಡೆ ಕಬಡ್ಡಿ ಎಂದರೆ ಪ್ರಾಣ ತಾನೇ? ಭಾರತದ ನೂರನೇ ಪದಕ ಬಂದದ್ದು ಮಹಿಳೆಯರ ಕಬಡ್ಡಿಯಿಂದ. ಅಕ್ಟೋಬರ್ 7ರ ಬೆಳಿಗ್ಗೆ, ಚೈನೀಸ್ ತೈಪೆ ಎದುರು 26-25. ಒಂದೇ ಒಂದು ಅಂಕ. ಹಿಂದಿನ ಸಲ ಜಕಾರ್ತದಲ್ಲಿ ಇದೇ ಫೈನಲ್‌ನಲ್ಲಿ ಇರಾನ್ ಎದುರು 24-27ರಲ್ಲಿ ಸೋತು ಅತ್ತವರ ಚಿನ್ನ ಅದು.

ಕೊನೆಯದಾಗಿ 107 ಮತ್ತು 111. ಇವು ಎರಡು ಬೇರೆ ಬೇರೆ ಕೂಟಗಳ ಸಂಖ್ಯೆ. ಎರಡೂ ಕೂಟ ನಡೆದದ್ದು ಹಾಂಗ್‌ಝೌನಲ್ಲೇ, ಮುಗಿದದ್ದೂ 2023ರ ಅಕ್ಟೋಬರ್‌ನಲ್ಲೇ. ಅದಕ್ಕೇ ಗೊಂದಲ. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿದ್ದರಿಂದ ಎರಡರ ಹೆಸರಲ್ಲೂ 2022 ಅಂತಲೇ ಇದೆ, ಆ ಕಡೆಯಿಂದಲೂ ಮಕ್ಕಳು ತಪ್ಪುತ್ತಾರೆ. ಏಷ್ಯನ್ ಗೇಮ್ಸ್ ಅಕ್ಟೋಬರ್ 8ಕ್ಕೆ ಮುಗಿಯಿತು. ಆ ದಿನದ ಲೆಕ್ಕ 28 ಚಿನ್ನ, 38 ಬೆಳ್ಳಿ, 41 ಕಂಚು, ಒಟ್ಟು 107. ಸ್ಥಾನ ನಾಲ್ಕು. ಎರಡು ವಾರ ಬಿಟ್ಟು ಅಕ್ಟೋಬರ್ 22ರಿಂದ 28ರವರೆಗೆ ಅಂಗವಿಕಲ ಕ್ರೀಡಾಪಟುಗಳ ಏಷ್ಯನ್ ಪ್ಯಾರಾ ಗೇಮ್ಸ್ ನಡೆಯಿತು. ಅಲ್ಲಿ 29 ಚಿನ್ನ, 31 ಬೆಳ್ಳಿ, 51 ಕಂಚು, ಒಟ್ಟು 111. ಸ್ಥಾನ ಐದು. ಪತ್ರಿಕೆಗಳಲ್ಲಿ ಎರಡನೆಯದರ ಸುದ್ದಿ ಸಣ್ಣದಾಗಿ ಬಂತು, ನನಗೆ ಅದು ಬೇಸರ. ಹಾಸನದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್‌ನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದದ್ದು ಅಲ್ಲೇ. ರಕ್ಷಿತಾಗೆ ಕಣ್ಣು ಕಾಣುವುದಿಲ್ಲ. ಪಕ್ಕದಲ್ಲಿ ಓಡುವ ಗೈಡ್ ಕೈಗೆ ಒಂದು ಸಣ್ಣ ಪಟ್ಟಿ ಕಟ್ಟಿಕೊಂಡು, ಅದರ ಎಳೆತದಲ್ಲೇ ತಿರುವು ಗುರುತಿಸಿ ಓಡುತ್ತಾರೆ. ಮಗಳಿಗೆ ಆ ಓಟದ ವಿಡಿಯೊ ತೋರಿಸಿ. ಅವಳ ಟಿಪ್ಪಣಿ ಪುಸ್ತಕದಲ್ಲಿ 107ಕ್ಕೆ ಒಂದು ಪುಟ, 111ಕ್ಕೆ ಇನ್ನೊಂದು ಪುಟ ಇರಲಿ. ಎರಡರ ತುದಿಯಲ್ಲೂ ದಿನಾಂಕ ಹಾಕಲು ಹೇಳಿ.